ಬಸ್ಸಿನ ದಾರಿಯಲ್ಲಿ ಸೈಕಲ್ಲು

ಆ ಚಡ್ಡಿಯೊಳಗೆ ಗಾದಿ ಹೊಲಿದಿದ್ದರು. ಸೈಕಲ್ಲಿನ ಮೇಲೆ ದೂರ ಹೋಗುವವರು ಇಂಥದ್ದನ್ನೇ ಹಾಕಿಕೊಳ್ಳಬೇಕಂತೆ. ಬಾದಾಮಿಯ ಲಾಡ್ಜಿನ ಕೋಣೆಯಲ್ಲಿ, ಇನ್ನೂ ಸರಿಯಾಗಿ ಬೆಳಕು ಹರಿಯದ ಹೊತ್ತಿನಲ್ಲಿ, ಅದನ್ನು ಕೈಯಲ್ಲಿ ಹಿಡಿದು ತಿರುವಿ ಮುರುವಿ ನೋಡುತ್ತ ನಿಂತಿದ್ದೆ. ಜೀವಮಾನವೆಲ್ಲ ಖಾಕಿ ಪ್ಯಾಂಟು ಹಾಕಿಕೊಂಡು ಸರಕಾರಿ ಬಸ್ಸು ಓಡಿಸಿದ ಮನುಷ್ಯ ನಾನು. ಅರವತ್ತು ದಾಟಿದ ಮೇಲೆ, ಮೈಗೆ ಅಂಟಿಕೊಳ್ಳುವ ಈ ಕರಿ ಚಡ್ಡಿಯಲ್ಲಿ ಬಾದಾಮಿಯ ಬೀದಿಗೆ ಇಳಿಯುವುದು ಹೇಗೆ?

ಗೆಳೆಯ ಆಗಲೇ ಹಾಕಿಕೊಂಡು ಕೋಣೆಯ ತುಂಬ ಅಡ್ಡಾಡುತ್ತಿದ್ದ.

“ಹಾಕ್ಕೋಲೇ. ನಿನ್ನ ಡ್ರೈವರ್ ಸೀಟಿಗೆ ನಿನ್ನ ಹೆಂಡ್ತಿ ದಿಂಬು ಹೊಲದು ಕೊಟ್ಟಿದ್ದಿಲ್ಲೇನು? ಇದೂ ಅದ. ಸೀಟಿಗೆ ಹಾಕೋದನ್ನ ಇವ್ರು ಚಡ್ಡಿಗೆ ಹಾಕ್ಯಾರ, ಅಷ್ಟ.”

ಹಾಕಿಕೊಂಡೆ. ಆದರೆ ಅದರ ಮೇಲೊಂದು ತೆಳ್ಳನೆಯ ಪೈಜಾಮ ಏರಿಸಿ, ಅದರ ಕಾಲು ಚೈನಿಗೆ ಸಿಗದಂತೆ ರಬ್ಬರ್ ಬ್ಯಾಂಡ್ ಕಟ್ಟಿಕೊಂಡ ಮೇಲೆಯೇ ಬಾಗಿಲು ತೆಗೆದೆ.

ಈ ಗೆಳೆಯ ನನ್ನ ಕಂಡಕ್ಟರ್ ಆಗಿದ್ದವನು. ಬಾಗಲಕೋಟೆಯಿಂದ ಹೊರಟು ಬಾದಾಮಿ, ಪಟ್ಟದಕಲ್ಲು, ಐಹೊಳೆ, ಅಮೀನಗಡ, ಹುನಗುಂದದ ಮೇಲೆ ಇಳಕಲ್ಲಿಗೆ ಹೋಗುತ್ತಿದ್ದ ಬಸ್ಸಿನಲ್ಲಿ ಇಬ್ಬರೂ ವರ್ಷಗಟ್ಟಲೆ ಒಟ್ಟಿಗೆ ದುಡಿದೆವು. ಒಟ್ಟಿಗೆ ಎಂದರೆ, ನಾನು ಮುಂದೆ, ಅವನು ಹಿಂದೆ. ಅವನ ಮುಖಕ್ಕಿಂತ ಅವನ ದನಿಯೇ ನನಗೆ ಹೆಚ್ಚು ಪರಿಚಯ. ‘ಹೋಲ್ಡಾನ್’ ಎಂದರೆ ನಿಲ್ಲಿಸುತ್ತಿದ್ದೆ, ‘ರೈಟ್’ ಎಂದರೆ ಹೊರಡುತ್ತಿದ್ದೆ. ಆ ರೈಟ್ ಹೇಳುವ ಧಾಟಿಯಲ್ಲೇ ಬಸ್ಸು ತುಂಬಿದೆಯೋ ಖಾಲಿಯೋ, ಯಾರ ಜೊತೆಗಾದರೂ ಚಿಲ್ಲರೆಗೆ ಜಗಳವಾಡಿದ್ದಾನೋ ಎಂದು ತಿಳಿಯುತ್ತಿತ್ತು.

ನಿವೃತ್ತಿಯಾದ ಮೇಲೆ ನಾನು ಬಾಗಲಕೋಟೆಯ ನವನಗರದಲ್ಲಿ ಉಳಿದೆ, ಅವನು ತನ್ನ ಊರಾದ ಗುಳೇದಗುಡ್ಡಕ್ಕೆ ಹೋದ. ಅವನದು ನೇಕಾರರ ಮನೆ. ಹೆಂಡತಿ ಮತ್ತು ಸೊಸೆ ಮನೆಯಲ್ಲೇ ಮಗ್ಗ ಇಟ್ಟುಕೊಂಡು ಕುಪ್ಪಸದ ಖಣ ನೇಯುತ್ತಾರೆ. ಅವನಿಗೆ ಮಗ್ಗದ ಮುಂದೆ ಕೂತು ಅಭ್ಯಾಸವಿಲ್ಲ, ನಿಂತೇ ಬದುಕಿದವನು. ಹಾಗಾಗಿ ದಿನಾ ಸೈಕಲ್ ತುಳಿದುಕೊಂಡು ಊರ ಹೊರಗೆ ಗುಡ್ಡದ ಕಡೆ ಹೋಗಿ ಬರುತ್ತಿದ್ದ. ಒಂದು ದಿನ ಅವನ ಮನೆಗೆ ಖಣ ಕೊಳ್ಳಲು ಧಾರವಾಡದ ಹೆಣ್ಣುಮಗಳೊಬ್ಬಳು ಬಂದಳು. ಹಲ್ಲಿನ ಡಾಕ್ಟರು. ಅವಳಿಗೆ ಸೈಕಲ್ ಹುಚ್ಚು. ವರ್ಷಕ್ಕೊಮ್ಮೆ ಒಂದಿಷ್ಟು ಜನರನ್ನು ಕೂಡಿಸಿಕೊಂಡು ದೂರ ದೂರ ಹೋಗುತ್ತಾಳೆ. ಈ ಸಲ ಬಾದಾಮಿಯಿಂದ ಹಂಪಿಗೆ, ಮೂರು ದಿನ. ಮೊದಲನೆಯ ದಿನದ ವಸ್ತಿ ಇಳಕಲ್ಲಿನಲ್ಲಿ.

ಅವತ್ತು ಸಂಜೆ ನನಗೆ ಗೆಳೆಯನ ಫೋನು ಬಂತು. ಹಲೋ ಕೂಡ ಇಲ್ಲ.

“ನಮ್ಮ ರೂಟ್ ಲೇ! ನಮ್ಮ ರೂಟ್‌ನ್ಯಾಗ ಸೈಕಲ್ ಹೊಡ್ಕೊಂಡ್ ಹೊಂಟಾರ! ಸಾಮಾನು ಟೆಂಪೋದಾಗ ಬರ್ತಾವು, ಊಟ ಅವ್ರದ, ಸೈಕಲ್ಲೂ ಅವ್ರ ಕೊಡ್ತಾರ. ತುಳಿಯೋದಷ್ಟ ನಮ್ಮ ಕೆಲಸ. ನಾ ಹೇಳೇಬಿಟ್ಟೇನಿ, ನಮ್ಮ ಡ್ರೈವರ್ ಬಂದ್ರ ನಾ ಬರ್ತೇನಿ ಅಂತ.”

ಆಗ ನನ್ನ ಕೆಲಸವೆಂದರೆ ಬೆಳಿಗ್ಗೆ ಪೇಪರು ಓದುವುದು, ಮಧ್ಯಾಹ್ನ ಅದೇ ಪೇಪರನ್ನು ಹಿಂದಿನ ಪುಟದಿಂದ ಓದುವುದು. ಹೂಂ ಎಂದೆ. ಮರುದಿನದಿಂದಲೇ ಪಕ್ಕದ ಮನೆಯವರ ಸೈಕಲ್ ಇಸಿದುಕೊಂಡು, ನವನಗರದ ಅಗಲ ರಸ್ತೆಗಳಲ್ಲಿ ನಸುಕಿನಲ್ಲೇ ಸುತ್ತು ಹಾಕತೊಡಗಿದೆ. ಬೆವರು ಒರೆಸಿಕೊಳ್ಳುತ್ತ ಮನೆಗೆ ಬಂದರೆ ಹೆಂಡತಿ ಚಹಾ ಕೊಡುತ್ತ, “ಬಸ್ ಬಿಟ್ರೂ ಗಾಲಿ ಬಿಡಲಿಲ್ಲ ನೀವು” ಎನ್ನುತ್ತಿದ್ದಳು. ಬೈದಳೋ ಹೊಗಳಿದಳೋ ತಿಳಿಯುತ್ತಿರಲಿಲ್ಲ. ಆದರೆ ಹೊರಡುವ ಹಿಂದಿನ ದಿನ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿಯೆಂಬ ಖಾರದ ಚಟ್ನಿಪುಡಿ ಕಟ್ಟಿ ಚೀಲದಲ್ಲಿ ಇಟ್ಟಿದ್ದಳು.

ಲಾಡ್ಜಿನ ಅಂಗಳದಲ್ಲಿ ಇಪ್ಪತ್ತರ ಸುಮಾರು ಸೈಕಲ್ಲುಗಳು ಸಾಲಾಗಿ ನಿಂತಿದ್ದವು. ಹುಬ್ಬಳ್ಳಿಯವರು, ಬೆಳಗಾವಿಯವರು, ಪುಣೆಯ ಕಡೆಯ ಒಂದಿಬ್ಬರು. ಹೆಚ್ಚಿನವರು ನಮ್ಮ ಮಕ್ಕಳ ವಯಸ್ಸಿನವರು. ದೀಪಾವಳಿ ಕಳೆದು ಚಳಿ ಆಗಷ್ಟೇ ಶುರುವಾಗಿತ್ತು. ಎಲ್ಲರೂ ಕೈ ಉಜ್ಜಿಕೊಳ್ಳುತ್ತ, ನಗುತ್ತ, ಟಯರು ಒತ್ತಿ ನೋಡುತ್ತ ಓಡಾಡುತ್ತಿದ್ದರು. ಆ ಗದ್ದಲ ನನಗೆ ಪರಿಚಿತವೇ. ಮೊದಲನೆಯ ಬಸ್ಸು ಹೊರಡುವ ಮುಂಚೆ ಡಿಪೋದಲ್ಲೂ ಇಂಥದ್ದೇ ಗಡಿಬಿಡಿ ಇರುತ್ತಿತ್ತು.

ಡಾಕ್ಟರಮ್ಮ ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡಳು. ಟೆಂಪೊ ಮುಂದೆ ಹೋಗಿ ನಾಷ್ಟಾ, ನೀರು ಇಟ್ಟುಕೊಂಡು ಕಾಯುತ್ತದೆ. ಹಿಂದೆ ಒಂದು ವ್ಯಾನು ಬರುತ್ತದೆ. ಸೈಕಲ್ ಕೆಟ್ಟರೆ ರಿಪೇರಿ ಮಾಡುವವನು ಅದರಲ್ಲಿ ಇರುತ್ತಾನೆ. ಯಾರಿಗೆ ಸಾಕಾಗುತ್ತದೋ ಅವರು ಅದನ್ನು ಹತ್ತಬಹುದು, ಅದರಲ್ಲಿ ನಾಚಿಕೆ ಇಲ್ಲ. ಕಂಡಕ್ಟರ್ ನನ್ನ ಕಿವಿಯಲ್ಲಿ, “ಅದು ಕಸಬರಿಗಿ ಗಾಡಿ. ಬಿದ್ದವ್ರನ್ನ ಗುಡಿಸ್ಕೊಂಡ್ ಬರ್ತದ. ಅದನ್ನ ಮಾತ್ರ ಹತ್ತೋದ ಬ್ಯಾಡಪಾ” ಎಂದ.

ಅವಳು ದಾರಿಯ ಬಗ್ಗೆ ಹೇಳತೊಡಗಿದಾಗ ನನಗೆ ತಡೆಯಲಾಗಲಿಲ್ಲ. ಕೈ ಎತ್ತಿಯೇಬಿಟ್ಟೆ.

“ಮೇಡಂ, ಈ ರಸ್ತಾ ನಮಗ ಅಂಗೈ ಇದ್ದಂಗ. ಅಮೀನಗಡದ ತನಕ ಎಲ್ಲಾ ಸಪಾಟ್ ಐತ್ರಿ. ಏನೂ ಕಾಳಜಿ ಮಾಡಬ್ಯಾಡ್ರಿ.”

“ಕಾಕಾ, ಖರೇನ ಹೇಳ್ತೀರಿ? ಐಹೊಳಿ ಆದಮ್ಯಾಲ ಏರ ಐತಿ ಅಂತ ಕೇಳೇನಿ.”

“ಏರಾ? ಎಲ್ಲಿ ಏರು? ಟಾಪ್ ಗೇರಿನ್ಯಾಗ ಹೋಗ್ತಿದ್ದೆ ನಾ!”

ಎಲ್ಲರ ಮುಖವೂ ಅರಳಿತು. ಒಂದಿಬ್ಬರು ಚಪ್ಪಾಳೆ ಕೂಡ ತಟ್ಟಿದರು. ಕಂಡಕ್ಟರ್ ಬೆರಳು ಬಾಯಿಗಿಟ್ಟು ಸಿಳ್ಳು ಹೊಡೆದು, “ರೈಟ್!” ಎಂದು ಕೂಗಿದ. ಅಷ್ಟೂ ಸೈಕಲ್ಲುಗಳು ಸರ್ರನೆ ಹೊರಟವು.

ಊರು ದಾಟಿ, ಕೆಂಪು ಬಂಡೆಗಳನ್ನು ಬೆನ್ನಿಗೆ ಹಾಕಿಕೊಂಡು ಹೊಲಗಳ ನಡುವಿನ ರಸ್ತೆಗೆ ಬಂದಾಗ ಸೂರ್ಯ ಎದುರಿಗೇ ಹುಟ್ಟುತ್ತಿದ್ದ. ಸೊಂಟದೆತ್ತರದ ಜೋಳ, ಅದರ ಎಲೆ ಎಲೆಗೂ ಮಂಜಿನ ಹನಿ. ನನಗೆ ಮೊದಲು ಅಚ್ಚರಿಯಾದದ್ದು ಸದ್ದು. ಈ ರಸ್ತೆಯಲ್ಲಿ ನಾನು ಕೇಳಿದ್ದು ನನ್ನ ಎಂಜಿನ್ನಿನ ಸದ್ದು ಮಾತ್ರ. ಈಗ ಹೊಲದಲ್ಲಿ ಯಾರೋ ಎತ್ತಿಗೆ ‘ಹೋ’ ಎನ್ನುವುದು, ಯಾವುದೋ ಮನೆಯಲ್ಲಿ ರೊಟ್ಟಿ ಬಡಿಯುವುದು, ಗಿಣಿಗಳು ಕಿರುಚುವುದು, ಮುಂದಿನ ಸೈಕಲ್ಲಿನ ಚೈನು ಕಿಣಿಕಿಣಿ ಎನ್ನುವುದು ಎಲ್ಲವೂ ಕೇಳಿಸುತ್ತಿತ್ತು. ಒಲೆಯ ಹೊಗೆಯ ವಾಸನೆ ಮೂಗಿಗೆ ಬರುತ್ತಿತ್ತು. ಸುಮ್ಮಸುಮ್ಮನೆ ಗಂಟೆ ಬಾರಿಸಿದೆ. ಟ್ರಿಣ್ ಟ್ರಿಣ್. ಹುಡುಗನಾಗಿದ್ದಾಗ ಬಾಡಿಗೆ ಸೈಕಲ್ ತಂದು ಹೀಗೆ ಬಾರಿಸಿದ್ದೇ ಕೊನೆ.

ಪಕ್ಕದಲ್ಲಿ ಕಂಡಕ್ಟರ್ ಬಾಯಿ ತೆರೆದುಕೊಂಡೇ ಬರುತ್ತಿದ್ದ.

“ಏನ್ಲೇ ಹಂಗ ನೋಡಾಕತ್ತಿ?”

“ಮುಂದ ಹಿಂಗ ಇರ್ತದ ಅಂತ ಗೊತ್ತ ಇದ್ದಿಲ್ಲೋ ಮಾರಾಯಾ. ಅಷ್ಟು ವರ್ಷ ನಾ ಮಂದಿ ಮಾರಿ ನೋಡೀನಿ, ಟಿಕೀಟ್ ಹರದೀನಿ. ರಸ್ತಾನ ನೋಡಿಲ್ಲ. ಎಲ್ಲಾ ನೀ ಒಬ್ಬನ ನೋಡ್ಕೊಂಡ್ ಬಂದೀಯಲ್ಲಲೇ!”

ಇಬ್ಬರಿಗೂ ನಗು ಬಂತು. ಅವನು ಪ್ರತಿ ಸ್ಟಾಪು ಬಂದಾಗಲೂ, ಇಲ್ಲಿ ಹಾಲಿನ ಕ್ಯಾನಿನ ಅಜ್ಜ ಹತ್ತುತ್ತಿದ್ದ, ಇಲ್ಲಿ ಟೀಚರಮ್ಮ ಇಳಿಯುತ್ತಿದ್ದಳು ಎಂದು ಹೇಳುತ್ತ ಹೋದ. ನಾನು ಇಲ್ಲೊಂದು ತಗ್ಗಿತ್ತು, ಇಲ್ಲಿ ತಿರುವು ಕೆಟ್ಟದ್ದು ಎನ್ನುತ್ತ ಹೋದೆ. ಒಂದೇ ದಾರಿಯ ಎರಡು ಅರ್ಧಗಳನ್ನು ಕೂಡಿಸಿದಂತೆ ಆಗುತ್ತಿತ್ತು.

ಪಟ್ಟದಕಲ್ಲಿಗೆ ಸ್ವಲ್ಪ ಮುಂಚೆ ಬೇವಿನ ಮರದ ಕೆಳಗೆ ಟೆಂಪೊ ನಿಂತಿತ್ತು. ಮಡಿಸುವ ಮೇಜಿನ ಮೇಲೆ ಚುರುಮುರಿ ನೆನೆಸಿ ಒಗ್ಗರಣೆ ಹಾಕಿದ ಸೂಸಲ, ಮಿರ್ಚಿ ಭಜಿ, ಬಾಳೆಹಣ್ಣು, ದೊಡ್ಡ ಕೆಟ್ಲಿಯಲ್ಲಿ ಚಹಾ. ನಾನು ಹೆಂಡತಿ ಕೊಟ್ಟ ರೊಟ್ಟಿ, ಹಿಂಡಿ ಬಿಚ್ಚಿದೆ. ಪುಣೆಯ ಹುಡುಗಿಯೊಬ್ಬಳು ಒಂದು ತುಂಡು ತಿಂದು ಖಾರಕ್ಕೆ ಕಣ್ಣಲ್ಲಿ ನೀರು ತುಂಬಿಕೊಂಡು, ಇನ್ನೊಂದು ತುಂಡಿಗೆ ಕೈ ಚಾಚಿದಳು. ನನ್ನ ಕಾಲುಗಳಲ್ಲಿ ಆಗ ನೋವೆಂಬುದೇ ಇರಲಿಲ್ಲ. ಹೀಗೆಯೇ ಹಂಪಿ ದಾಟಿ ಹೋದರೂ ಹೋದೇನು ಎನಿಸಿತ್ತು.

ಮಲಪ್ರಭೆಯ ಸೀಮೆಯ ಹಸಿರಿನಲ್ಲಿ, ಕಬ್ಬಿನ ತಂಪು ಗಾಳಿಯಲ್ಲಿ ಐಹೊಳೆಯ ತನಕ ಹಾಡಿಕೊಂಡು ಬಂದೆವು. ಐಹೊಳೆಯ ಗುಡಿಗಳು ಹಿಂದೆ ಬಿದ್ದವು. ಆಮೇಲೆ ರಸ್ತೆ ಒಂದು ತಿರುವು ತೆಗೆದುಕೊಂಡು, ಮೆಲ್ಲಗೆ ತಲೆ ಎತ್ತಿತು.

ಮೊದಲು ಸೈಕಲ್ಲೇ ಕೆಟ್ಟಿರಬೇಕು ಎಂದುಕೊಂಡೆ. ಬ್ರೇಕು ಹಿಡಿದಿದೆಯೋ ಎಂದು ಬಗ್ಗಿ ನೋಡಿದೆ. ಏನೂ ಇಲ್ಲ. ಬಸ್ಸಿನಲ್ಲಾದರೆ ಎಂಜಿನ್ನು ನರಳಿದಾಗ ಗೇರು ಇಳಿಸುತ್ತಿದ್ದೆ. ಇಲ್ಲಿ ಎಂಜಿನ್ನು ನಾನೇ, ನರಳುತ್ತಿರುವವನೂ ನಾನೇ. ಗೇರು ಇಳಿಸುವಷ್ಟರಲ್ಲಿ ತಡವಾಗಿ, ಚೈನು ಕಟಕಟ ಎಂದು ಜಾರಿ, ಸೈಕಲ್ಲು ನಿಂತೇಹೋಯಿತು. ಮುಂದೆ ನೋಡಿದರೆ ಕರಿ ಡಾಂಬರು ಬಿಸಿಲಿಗೆ ಹೊಳೆಯುತ್ತ ಮೇಲೆ, ಮೇಲೆ, ಇನ್ನೂ ಮೇಲೆ. ಈ ದಿಬ್ಬ ಇಲ್ಲಿಗೆ ಯಾವಾಗ ಬಂತು?

ಮುಂದೆ ಹೋಗುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ತಿರುಗಿ ನನ್ನನ್ನು ನೋಡತೊಡಗಿದರು. ಹುಬ್ಬಳ್ಳಿಯ ದಪ್ಪ ಯುವಕನೊಬ್ಬ ಏದುಸಿರು ಬಿಡುತ್ತ, “ಕಾಕಾ, ಸಪಾಟ್ ರೀ?” ಎಂದ.

“ಬಸ್ಸಿನ್ಯಾಗ ಸಪಾಟ ಇತ್ತಪಾ” ಎಂದೆ.

ಆ ಮಾತು ಸಾಲಿನ ತುದಿಯ ತನಕ ಹೋಯಿತು. ದಿಬ್ಬದ ತುಂಬ ನಗು. ಏರುವವರು ನಗುತ್ತ ನಗುತ್ತ ಇನ್ನಷ್ಟು ದಮ್ಮು ಕಳೆದುಕೊಂಡು ಅಲ್ಲಲ್ಲೇ ಇಳಿದು ನಿಂತರು. ಅಂದಿನಿಂದ ಆ ಗುಂಪಿನಲ್ಲಿ ನನ್ನ ಹೆಸರೇ ‘ಸಪಾಟ್ ಕಾಕಾ’ ಆಯಿತು.

ಕಸಬರಿಗಿ ಗಾಡಿ ಮೆಲ್ಲಗೆ ನನ್ನ ಪಕ್ಕಕ್ಕೆ ಬಂತು. ಡಾಕ್ಟರಮ್ಮ ಸೈಕಲ್ ತಿರುಗಿಸಿಕೊಂಡು ಕೆಳಗಿಳಿದು ಬಂದಳು. “ಕಾಕಾ, ಮೊದಲ ದಿನ ಹಟ ಮಾಡಬ್ಯಾಡ್ರಿ. ಏರು ಮುಗಿಯೋ ತನಕ ವ್ಯಾನ್‌ನ್ಯಾಗ ಕುಂದರ್ರಿ” ಎಂದಳು. ವ್ಯಾನಿನ ಬಾಗಿಲು ತೆರೆದೇ ಇತ್ತು, ಒಳಗೆ ನೆರಳಿತ್ತು. ಒಂದು ಕ್ಷಣ ಕಾಲು ಅತ್ತ ಹೋಯಿತು ಎಂದರೂ ಸುಳ್ಳಲ್ಲ.

ಅಷ್ಟರಲ್ಲಿ ಮೇಲಿನಿಂದ ಕೂಗು ಕೇಳಿತು. ಕಂಡಕ್ಟರ್ ಆಗಲೇ ದಿಬ್ಬದ ನೆತ್ತಿಯಲ್ಲಿದ್ದ. ಓಡುವ ಬಸ್ಸಿನಲ್ಲಿ ಜೀವಮಾನವಿಡೀ ನಿಂತು ಬಂದ ಕಾಲು ಅವನದು. ನಾನು ಕೂತು ಬೆಳೆಸಿದ್ದು ಹೊಟ್ಟೆ ಮಾತ್ರ. ಅವನು ಸೈಕಲ್ಲನ್ನು ರಸ್ತೆಯ ಪಕ್ಕಕ್ಕೆ ಮಲಗಿಸಿ, ಎರಡೂ ಕೈ ಬಾಯಿಗೆ ಹಿಡಿದು ಒದರುತ್ತಿದ್ದ:

“ಅಮೀನಗಡಾ, ಹುನಗುಂದಾ, ಇಳಕಲ್! ಯಾರ್ಯಾರು ಬರ್ತೀರಿ ಲಗೂ ಬರ್ರಿ! ಗಾಡಿ ಬಿಡ್ತದ!”

ಬಸ್‌ಸ್ಟ್ಯಾಂಡಿನಲ್ಲಿ ಕೂಗುತ್ತಿದ್ದ ಅದೇ ಧಾಟಿ. ನನಗೆ ನಗುವೂ ಬಂತು, ಅದೆಲ್ಲಿಂದಲೋ ದಮ್ಮೂ ಬಂತು. “ನೂಕ್ಕೊಂಡ್ ಹೋಗ್ತೇನಿ ಮೇಡಂ, ಹತ್ತೂದಿಲ್ಲ” ಎಂದೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿ, ತಾನೂ ಸೈಕಲ್ಲಿನಿಂದ ಇಳಿದು ನನ್ನ ಜೊತೆ ನೂಕುತ್ತ ನಡೆದಳು. ದಾರಿಯುದ್ದಕ್ಕೂ ನನ್ನ ಹಲ್ಲಿನ ಸ್ಥಿತಿ ವಿಚಾರಿಸಿದಳು. ಅಡಿಕೆ ಬಿಡಬೇಕೆಂದಳು. ಅಂಥ ಏರಿನಲ್ಲಿ ಬಾಯಿ ತೆರೆದುಕೊಂಡೇ ಇದ್ದ ನನಗೆ ಹೂಂ ಎನ್ನದೆ ಬೇರೆ ದಾರಿಯಿರಲಿಲ್ಲ.

ನೆತ್ತಿಯಲ್ಲಿ ಗಾಳಿ ಮುಖಕ್ಕೆ ಬಡಿದಾಗ ಕೆಳಗೆ ನಾವು ಬಂದ ದಾರಿಯೆಲ್ಲ ಕಂಡಿತು. ಹೊಲಗಳು, ಕಲ್ಲುಗುಡ್ಡ, ಅದರಾಚೆ ನದಿಯ ದಂಡೆಯ ಹಸಿರು ಗೆರೆ. ಅದನ್ನೆಲ್ಲ ನಾನೇ ಕಾಲಿನಿಂದ ದಾಟಿ ಬಂದೆ ಎಂದು ನಂಬಲಾಗಲಿಲ್ಲ. ಆಮೇಲಿನ ಇಳಿಜಾರಿನಲ್ಲಿ ಪೆಡಲ್ಲಿನ ಮೇಲೆ ಕಾಲು ಸುಮ್ಮನೆ ಇಟ್ಟುಕೊಂಡು ಜಾರಿದೆವು. ಪೈಜಾಮ ಹಾಯಿಯಂತೆ ಉಬ್ಬಿ ಪಟಪಟ ಹೊಡೆದುಕೊಂಡಿತು. ನಾನು ಕೂಗಿದೆನಂತೆ. ಏನು ಕೂಗಿದೆ ಎಂದು ನೆನಪಿಲ್ಲ.

ಅಮೀನಗಡದಲ್ಲಿ ಊಟ. ಊಟದ ಮೇಲೆ ಎಲ್ಲರ ಕೈಗೂ ಒಂದೊಂದು ತುಂಡು ಕರದಂಟು. ಅಂಟು, ಬೆಲ್ಲ, ಒಣಹಣ್ಣು ಹಾಕಿ ಮಾಡಿದ ಆ ಸಿಹಿಯನ್ನು ನಾನು ಎಷ್ಟೋ ಮಂದಿಗೆ ಕಟ್ಟಿಸಿಕೊಂಡು ಹೋಗಿ ಕೊಟ್ಟಿದ್ದೇನೆ. ಅದು ಬಾಣಂತಿಯರಿಗೆ, ಪೈಲವಾನರಿಗೆ ಯಾಕೆ ಕೊಡುತ್ತಾರೆ ಎಂದು ನನ್ನ ಮೈಗೆ ತಿಳಿದದ್ದು ಅವತ್ತೇ.

ಹುನಗುಂದದ ಕಡೆ ಹೊರಟರೆ ಎದುರಿಗೆ ಮೂಡಗಾಳಿ ಎದ್ದಿತ್ತು. ಗಾಜಿನ ಹಿಂದೆ ಕೂತು ಓಡಿಸಿದವನಿಗೆ ಗಾಳಿ ಎಂದರೇನು ಗೊತ್ತು? ಸಪಾಟಾದ ರಸ್ತೆ, ಈ ಸಲ ನಿಜವಾಗಿಯೂ ಸಪಾಟು, ಆದರೂ ಯಾರೋ ಎದೆಗೆ ಕೈಯಿಟ್ಟು ಹಿಂದಕ್ಕೆ ದಬ್ಬಿದಂತೆ. ಮುಂದಿನವರ ಗಾಲಿಯ ಹಿಂದೆಯೇ ಅಂಟಿಕೊಂಡು ಹೋದರೆ ಗಾಳಿ ಕಡಿಮೆ ತಾಗುತ್ತದೆ ಎಂದು ಡಾಕ್ಟರಮ್ಮ ಹೇಳಿಕೊಟ್ಟಳು. ಕಂಡಕ್ಟರ್ ಕೂಡಲೇ ಮುಂದೆ ಬಂದ.

“ನೀ ನನ್ನ ಹಿಂದ ಬಾ. ಇವತ್ತ ಡ್ರೈವರ್ ನಾ.”

“ಹಂಗಾರ ರೈಟ್ ಅನ್ನಾಂವ ನಾನಾ?”

“ಅನ್ನು ಮತ್ತ!”

“ರೈಟ್!” ಎಂದೆ. ನನ್ನ ದನಿಗೆ ನನಗೇ ನಗು ಬಂತು. ಅವನಷ್ಟು ಚೆನ್ನಾಗಿ ಬರಲಿಲ್ಲ. ಅವನ ಬೆನ್ನನ್ನು ನೋಡುತ್ತ ತುಳಿದೆ. ಬೆವರಿಗೆ ಅಂಗಿ ಅಂಟಿಕೊಂಡ ಆ ಸಣ್ಣ ಬೆನ್ನು ಗಾಳಿಗೆ ಬಾಗಿ, ನನಗೆ ದಾರಿ ಬಿಡಿಸಿಕೊಡುತ್ತ ಹೋಗುತ್ತಿತ್ತು. ನಾನು ‘ಎಡಕ್ಕ ತಗೋ’, ‘ಹಿಂದ ಲಾರಿ ಬಂತು’ ಎಂದರೆ ಅವನು ತಿರುಗಿ ನೋಡದೆಯೇ ನಂಬಿ ಸರಿಯುತ್ತಿದ್ದ.

ಹುನಗುಂದ ಇನ್ನೂ ಮುಂದಿರುವಾಗ ಹಿಂದಿನಿಂದ ಒಂದು ಸದ್ದು ಬಂತು. ಬಸ್ಸು. ಎಷ್ಟು ವೇಗದಲ್ಲಿದೆ, ಯಾವ ಗೇರಿನಲ್ಲಿದೆ ಎಲ್ಲ ಬೆನ್ನಿಗೇ ತಿಳಿಯಿತು. ಅದು ನಮ್ಮನ್ನು ದಾಟಿ, ಸ್ವಲ್ಪ ಮುಂದೆ ಹೋಗಿ ಪಕ್ಕಕ್ಕೆ ನಿಂತಿತು. ಕಿಟಕಿಯಿಂದ ತಲೆ ಹೊರಗೆ ಹಾಕಿದ ಡ್ರೈವರು ನನ್ನ ಕೈಕೆಳಗೆ ಈ ದಾರಿ ಕಲಿತವನು.

“ಯಜಮಾನ್ರ! ಇದೇನ್ರಿ ಈ ಅವತಾರ? ಹತ್ರಿ ಒಳಗ, ಸೈಕಲ್ ಟಾಪ್ ಮ್ಯಾಲ ಹಾಕ್ಸ್ತೇನಿ.”

ನಾನು ಬಾಯಿ ತೆರೆಯುವ ಮುಂಚೆಯೇ ಕಂಡಕ್ಟರ್ ಉತ್ತರ ಕೊಟ್ಟ: “ನಿನ್ನ ಗಾಡಿ ಎಲ್ಲಾ ಸ್ಟಾಪಿಗೂ ನಿಂದರ್ತದ ತಮ್ಮಾ. ನಮಗ ಇಳಕಲ್ಲಿಗೆ ಲಗೂ ಮುಟ್ಟಬೇಕಾಗೇತಿ. ನೀ ನಡಿ.”

ಬಸ್ಸೆಲ್ಲ ನಕ್ಕಿತು. ಎಲ್ಲ ಕಿಟಕಿಗಳಲ್ಲೂ ತಲೆಗಳು. ನಡುವಿನ ಸೀಟಿನ ಮುದುಕಿಯೊಬ್ಬಳು ಸೆರಗು ತಲೆಗೆಳೆದುಕೊಂಡು ನಮ್ಮನ್ನು ಮೇಲಿಂದ ಕೆಳಗೆ ನೋಡಿ, “ಯಪ್ಪಾ, ಈ ವಯಸ್ಸಿನ್ಯಾಗ ಇದ್ಯಾವ ದೇವರ ಹರಕಿ ಹೊತ್ತೀರಿ?” ಎಂದು ಕೇಳಿದಳು. ಬಸ್ಸು ಹೊರಟಾಗ ಆ ಡ್ರೈವರು ಉದ್ದಕ್ಕೆ ಹಾರ್ನು ಹೊಡೆದ. ಅದು ದಾರಿ ಬಿಡು ಎನ್ನುವ ಹಾರ್ನಲ್ಲ. ಆ ವ್ಯತ್ಯಾಸ ಡ್ರೈವರನಿಗೆ ಮಾತ್ರ ತಿಳಿಯುತ್ತದೆ. ನನ್ನ ಕಾಲು ತಾನಾಗಿಯೇ ಜೋರಾಯಿತು.

ಹುನಗುಂದ ದಾಟಿ ಹೆದ್ದಾರಿಗೆ ಬಿದ್ದ ಮೇಲೆ ದಿಕ್ಕು ತಿರುಗಿತು, ಗಾಳಿಯೂ ಎದುರಿನಿಂದ ಪಕ್ಕಕ್ಕೆ ಸರಿಯಿತು. ಆಗ ನನಗೆ ಏನಾಯಿತೋ ಗೊತ್ತಿಲ್ಲ. ನೋವು ಇದ್ದೇ ಇತ್ತು, ಆದರೆ ಅದು ಬೇರೆ ಯಾರದೋ ಕಾಲಿನಲ್ಲಿ ಇದ್ದಂತಿತ್ತು. ದಪ್ಪ ಯುವಕನನ್ನು ದಾಟಿದೆ. ಪುಣೆಯವರನ್ನು ದಾಟಿದೆ. “ಸಪಾಟ್ ಕಾಕಾ! ಸಪಾಟ್ ಕಾಕಾ!” ಎಂದು ಅವರೆಲ್ಲ ಕೂಗಿದರು. ಕಂಡಕ್ಟರ್ ನನ್ನ ಜೊತೆಗೇ ಬಂದ. ಅಗಲವಾದ ರಸ್ತೆಯ ಅಂಚಿನಲ್ಲಿ ಇಬ್ಬರೂ ಸಾಲಾಗಿ, ಒಬ್ಬರ ಹ್ಯಾಂಡಲ್ಲಿಗೆ ಒಬ್ಬರ ಹ್ಯಾಂಡಲ್ ತಾಗುವಷ್ಟು ಹತ್ತಿರದಲ್ಲಿ ತುಳಿದೆವು. ರಸ್ತೆಯ ಪಕ್ಕದಲ್ಲಿ ಗ್ರಾನೈಟ್ ಪಾಲಿಶ್ ಮಾಡುವ ಶೆಡ್ಡುಗಳು ಶುರುವಾದವು. ಕಲ್ಲು ಕೊಯ್ಯುವ ಯಂತ್ರಗಳ ಕಿವಿ ಸೀಳುವ ಸದ್ದು, ಬಿಳಿ ಧೂಳು. ಇಳಕಲ್ ಬಂತು. ಆ ಕರ್ಕಶ ಸದ್ದು ಯಾವತ್ತೂ ನನಗೆ ಅಷ್ಟು ಇಂಪಾಗಿ ಕೇಳಿಸಿರಲಿಲ್ಲ.

ಊರೊಳಗೆ ಬಂದೆವು. ಸೀರೆ ಅಂಗಡಿಗಳ ಮುಂದಿನ ಗದ್ದಲ, ಆಟೊಗಳು, ಹಣ್ಣಿನ ಗಾಡಿಗಳು. ಬಲಕ್ಕೆ ತಿರುಗಿದೆವು, ಗೇಟು ದಾಟಿದೆವು, ಬ್ರೇಕು ಹಿಡಿದೆವು. ನಿಂತ ಮೇಲೆ ನೋಡಿದರೆ ಬಸ್‌ಸ್ಟ್ಯಾಂಡಿನ ಪ್ಲಾಟ್‌ಫಾರ್ಮು. ಲಾಡ್ಜಿಗೆ ಹೋಗಬೇಕಾಗಿದ್ದ ನಾವು ಯಾವ ವಿಚಾರವೂ ಇಲ್ಲದೆ ನಮ್ಮ ಹಳೆಯ ಜಾಗಕ್ಕೇ ಗಾಡಿ ಹಚ್ಚಿದ್ದೆವು. ಬಸ್ಸುಗಳ ವೇಳೆ ಬರೆದುಕೊಳ್ಳುವ ಕಂಟ್ರೋಲರು ಕೋಣೆಯಿಂದ ಹೊರಗೆ ಬಂದು, ನಮ್ಮ ಗುರುತು ಹಿಡಿದು, ಸೊಂಟದ ಮೇಲೆ ಕೈಯಿಟ್ಟು ನಿಂತರು.

“ಯಾವ ಗಾಡಿ ಬಂತ್ರಿ ಇದು? ಲೇಟ್ ಐತಲ್ಲ!”

ಕಂಡಕ್ಟರ್ ಕಂಬಕ್ಕೆ ಸೈಕಲ್ ಆನಿಸಿ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತು ನಗತೊಡಗಿದ. ನಾನೂ ಕೂತೆ. ಕ್ಯಾಂಟೀನಿನಿಂದ ಚಹಾ ಬಂತು. ಸುತ್ತ ಜನ ನೆರೆದರು. ಸೈಕಲ್ಲಿನ ಗೇರು ಮುಟ್ಟಿ ನೋಡುವವರು, ಬಾದಾಮಿಯಿಂದಲಾ ಎಂದು ಮತ್ತೆ ಮತ್ತೆ ಕೇಳುವವರು. ನಾವು ಕಾಣೆಯಾದೆವೆಂದು ಗಾಬರಿಯಾದ ಡಾಕ್ಟರಮ್ಮ ಫೋನಿನ ಮೇಲೆ ಫೋನು ಮಾಡಿ, ಕಡೆಗೆ ತಾನೇ ಹುಡುಕಿಕೊಂಡು ಬಂದಳು. ನಮ್ಮನ್ನು ನೋಡಿ ಬೈಯಲು ಬಾಯಿ ತೆರೆದವಳು, ಒಂದು ಕಪ್ ಚಹಾ ತೆಗೆದುಕೊಂಡು ಪಕ್ಕದಲ್ಲಿ ಕೂತಳು.

ಲಾಡ್ಜಿನಲ್ಲಿ ನಮ್ಮ ಕೋಣೆ ಮೇಲಿನ ಮಹಡಿಯಲ್ಲಿತ್ತು. ಮೆಟ್ಟಿಲುಗಳನ್ನು ನೋಡಿ ಇಬ್ಬರೂ ನಿಂತೆವು. ಆಮೇಲೆ ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿಕೊಂಡು, ಒಂದೊಂದೇ ಮೆಟ್ಟಿಲು, ಅಯ್ಯಯ್ಯೋ ಎನ್ನುತ್ತ, ನಗುತ್ತ ಏರತೊಡಗಿದೆವು. ಮೇಲಿನಿಂದ ಮದುವೆ ಜವಳಿಗೆಂದು ಬಂದಿದ್ದ ಒಂದು ಕುಟುಂಬ ಇಳಿಯುತ್ತಿತ್ತು. ದಾರಿ ಬಿಟ್ಟು ನಿಂತ ಹಿರಿಯ ಹೆಣ್ಣುಮಗಳು ಕನಿಕರದಿಂದ, “ಏನಾಗೇತ್ರಿ ಅಣ್ಣಾರ, ಬಿದ್ರೇನು?” ಎಂದಳು.

“ಬಿದ್ದಿಲ್ರಿ ಅಕ್ಕಾರ, ಬಾದಾಮಿಯಿಂದ ಸೈಕಲ್ ತುಳ್ಕೊಂಡ್ ಬಂದೇವಿ” ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಅವಳು “ಹೌದಾ!” ಎಂದು ಕಣ್ಣರಳಿಸಿದಳು. ನಾನು ಗೋಡೆಗೆ ಒರಗಿ ಬೆಳಗಿನಿಂದ ಹೇಳಲು ಶುರುಮಾಡಿದೆ. ಅವಳ ಹಿಂದಿದ್ದ ಮಕ್ಕಳು, ಬೀಗರು ಎಲ್ಲ ಮೆಟ್ಟಿಲುಗಳ ಮೇಲೆ ಅಲ್ಲಲ್ಲೇ ಕೂತರು. ನಾನು ತಪ್ಪಿದಲ್ಲಿ ಕಂಡಕ್ಟರ್ ತಿದ್ದುತ್ತಿದ್ದ, ಅವನು ಬಿಟ್ಟದ್ದನ್ನು ನಾನು ಸೇರಿಸುತ್ತಿದ್ದೆ.